ಮುಖದ ಮೇಲಿನ ಆ ನುಣುಪು ತೊಳೆದ ಮೇಲೆ ಎಲ್ಲಿಗೆ ಹೋಗುತ್ತೆ? ಸಿಲಿಕೋನ್ ಕಣಗಳ ಕಥೆ

ಇವತ್ತಿನ ಸಂಚಿಕೆಯ ವಿಷಯ ನಿಮ್ಮ ಮೇಕಪ್ ಪೌಚ್‌ನಲ್ಲೇ ಇರಬಹುದು. ಪ್ರೈಮರ್, ಫೌಂಡೇಶನ್ ಅಥವಾ 'ಮ್ಯಾಟ್ ಫಿನಿಶ್' ಅಂತ ಬರೆದಿರೋ ಕ್ರೀಮ್ ಇದ್ರೆ ತಿರುಗಿಸಿ ನೋಡಿ. ಪದಾರ್ಥಗಳ ಪಟ್ಟಿಯಲ್ಲಿ 'ಪಾಲಿಮೀಥೈಲ್‌ಸಿಲ್ಸೆಸ್ಕ್ವಿಯಾಕ್ಸೇನ್' ಅಥವಾ 'ಡೈಮೆಥಿಕೋನ್ ಕ್ರಾಸ್‌ಪಾಲಿಮರ್' ಅನ್ನೋ ಹೆಸರು ಸಿಗಬಹುದು. ಇವು ಸಿಲಿಕೋನ್‌ನ ಸೂಕ್ಷ್ಮ ಕಣಗಳು. ಮೊದಲನೆಯದು ಸಾಮಾನ್ಯವಾಗಿ ಕೆಲವೇ ಮೈಕ್ರೋಮೀಟರ್ ಅಗಲದ ದುಂಡು ಮಣಿ. ಒಂದು ಮಿಲಿಮೀಟರ್ ಅಂದ್ರೆ ಸಾವಿರ ಮೈಕ್ರೋಮೀಟರ್, ಹಾಗಾಗಿ ಕಣ್ಣಿಗೆ ಬಿಡಿಬಿಡಿಯಾಗಿ ಕಾಣೋದೇ ಇಲ್ಲ.

ಇವುಗಳ ಕೆಲಸ ಏನು? ಸೈಕಲ್ ಚಕ್ರದ ಬೇರಿಂಗ್ ಗೋಲಿಗಳ ಹಾಗೆ ಚರ್ಮದ ಮೇಲೆ ಉರುಳುತ್ತವೆ, ಅದಕ್ಕೇ ಕ್ರೀಮ್ ಜಾರಿದ ಹಾಗೆ ಹರಡುತ್ತೆ. ಬೆಳಕನ್ನ ಎಲ್ಲ ದಿಕ್ಕಿಗೂ ಚದುರಿಸಿ ಸಣ್ಣ ಗೆರೆಗಳನ್ನ ಮಸುಕು ಮಾಡುತ್ತವೆ. ಕೆಲವು ಬಗೆಯವು ಎಣ್ಣೆಯಂಶವನ್ನೂ ಹೀರಿಕೊಳ್ಳುತ್ತವೆ.

ಈಗ ಹಿಂದಕ್ಕೆ ಹೋಗೋಣ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಫ್ರೆಡರಿಕ್ ಕಿಪ್ಪಿಂಗ್ ಅನ್ನೋ ರಸಾಯನಶಾಸ್ತ್ರಜ್ಞ ದಶಕಗಳ ಕಾಲ ಸಿಲಿಕಾನ್ ಮತ್ತು ಇಂಗಾಲ ಸೇರಿದ ಸಂಯುಕ್ತಗಳನ್ನ ಅಧ್ಯಯನ ಮಾಡಿದ. 'ಸಿಲಿಕೋನ್' ಅನ್ನೋ ಹೆಸರು ಚಾಲ್ತಿಗೆ ಬಂದದ್ದು ಅವನಿಂದಲೇ. ಪ್ರಯೋಗದಲ್ಲಿ ಮತ್ತೆ ಮತ್ತೆ ಅಂಟಂಟು ಪದಾರ್ಥ ಉಳಿಯುತ್ತಿತ್ತು. ಈ ಕ್ಷೇತ್ರದಿಂದ ದೊಡ್ಡ ಪ್ರಗತಿಯೇನೂ ಸದ್ಯಕ್ಕೆ ಕಾಣುತ್ತಿಲ್ಲ ಅಂತ 1930ರ ದಶಕದಲ್ಲಿ ಅವನೇ ಹೇಳಿದ್ದ. ಆದ್ರೆ 1940ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯೂಜಿನ್ ರೋಚೋ, ತಾಮ್ರದ ಸಹಾಯದಿಂದ ಸಿಲಿಕಾನ್ ಮತ್ತು ಮೀಥೈಲ್ ಕ್ಲೋರೈಡ್ ಅನಿಲವನ್ನ ಸೇರಿಸಿ ಸಿಲಿಕೋನ್‌ನ ಕಚ್ಚಾವಸ್ತುವನ್ನ ದೊಡ್ಡ ಪ್ರಮಾಣದಲ್ಲಿ ತಯಾರಿಸೋ ದಾರಿ ಕಂಡುಕೊಂಡ. 1943ರಲ್ಲಿ ಡೌ ಕಾರ್ನಿಂಗ್ ಕಂಪನಿ ಶುರುವಾಯ್ತು. ಅದರ ಮೊದಲ ಉತ್ಪನ್ನಗಳಲ್ಲೊಂದು, ಯುದ್ಧವಿಮಾನಗಳ ಇಂಜಿನ್‌ನ ವಿದ್ಯುತ್ ಜೋಡಣೆಗಳಿಗೆ ತೇವ ತಾಗದಂತೆ ಹಚ್ಚುವ ಗ್ರೀಸ್.

ಗಮನಿಸಿ, ಸಿಲಿಕೋನ್ ಗೆದ್ದದ್ದು ಒಂದೇ ಗುಣದಿಂದ. ಶಾಖ, ಚಳಿ, ನೀರು, ಯಾವುದಕ್ಕೂ ಜಗ್ಗದ ವಸ್ತು ಅದು. ಯುದ್ಧ ಮುಗಿದ ಮೇಲೆ ಅದೇ ಗುಣ ಕ್ರೀಮು, ಶಾಂಪೂಗಳಿಗೆ ಬಂತು. ಬಾಟಲಿಯಲ್ಲಿ ಕೆಡಲ್ಲ, ವಾಸನೆ ಬರಲ್ಲ, ಸೂಕ್ಷ್ಮಜೀವಿ ಮುಟ್ಟಲ್ಲ. ತಯಾರಕರಿಗೆ ಇನ್ನೇನು ಬೇಕು?

ಸೂಕ್ಷ್ಮಜೀವಿ ಮುಟ್ಟಲ್ಲ ಅನ್ನೋದೇ ಈಗಿನ ತಕರಾರು. ಸಿಲಿಕಾನ್ ಮತ್ತು ಇಂಗಾಲದ ನೇರ ಬೆಸುಗೆಯನ್ನ ಜೀವಿಗಳು ತಾವಾಗಿ ಮಾಡಿದ್ದು ಕಂಡುಬಂದಿಲ್ಲ. ನೊಬೆಲ್ ಪುರಸ್ಕೃತೆ ಫ್ರಾನ್ಸಿಸ್ ಆರ್ನಲ್ಡ್ ಅವರ ತಂಡ ಆ ಬೆಸುಗೆ ಮುರಿಯೋ ಕಿಣ್ವವನ್ನ ಲ್ಯಾಬ್‌ನಲ್ಲಿ ರೂಪಿಸಿದ ವರದಿ ಬಂದದ್ದು 2024ರಲ್ಲಿ. ಅದೂ ಸಣ್ಣ ಅಣುಗಳ ಮೇಲೆ, ಗಟ್ಟಿ ಕಣಗಳ ಮೇಲಲ್ಲ. ನಾವು ಮುಖ ತೊಳೆದಾಗ ಕಣಗಳು ಚರಂಡಿ ಸೇರುತ್ತವೆ. ಶುದ್ಧೀಕರಣ ಘಟಕ ಇದ್ದಲ್ಲಿ ಬಹಳಷ್ಟು ಕೆಸರಿನಲ್ಲಿ ಉಳಿಯುತ್ತವೆ, ಉಳಿದವು ನೀರಿನ ಜೊತೆ ಮುಂದೆ ಹೋಗುತ್ತವೆ. ಅದೇ ಕೆಸರನ್ನ ಎಷ್ಟೋ ಕಡೆ ಹೊಲಕ್ಕೆ ಗೊಬ್ಬರವಾಗಿ ಹಾಕ್ತಾರೆ.

'ಮೈಕ್ರೋಬೀಡ್ ನಿಷೇಧ ಆಯ್ತಲ್ವಾ?' ಅಂತ ನೀವು ಕೇಳಬಹುದು. ಆಯ್ತು, ಆದ್ರೆ ಅರ್ಧ. ಅಮೆರಿಕದಲ್ಲಿ 2015ರ ಡಿಸೆಂಬರ್‌ನಲ್ಲಿ ಒಬಾಮ ಸಹಿ ಹಾಕಿದ ಕಾನೂನು ತಡೆದದ್ದು ತೊಳೆದುಹೋಗುವ ಸ್ಕ್ರಬ್, ಟೂತ್‌ಪೇಸ್ಟ್‌ಗಳ ಪ್ಲಾಸ್ಟಿಕ್ ಮಣಿಗಳನ್ನ ಮಾತ್ರ. ನಮ್ಮಲ್ಲೂ ಭಾರತೀಯ ಮಾನಕ ಬ್ಯೂರೋ 2017ರಲ್ಲಿ ಮೈಕ್ರೋಬೀಡ್‌ಗಳನ್ನ ಸೌಂದರ್ಯವರ್ಧಕಗಳಿಗೆ ಸುರಕ್ಷಿತವಲ್ಲದ ವಸ್ತುಗಳ ಸಾಲಿಗೆ ಸೇರಿಸಿತು. ಫೌಂಡೇಶನ್ ಒಳಗಿನ ಸಿಲಿಕೋನ್ ಪುಡಿಯನ್ನ ನಿಜವಾಗಿ ಹಿಡಿದದ್ದು ಯುರೋಪ್. 2023ರ ಸೆಪ್ಟೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟ ತಂದ ನಿಯಮದ ಪ್ರಕಾರ 5 ಮಿಲಿಮೀಟರ್‌ಗಿಂತ ಸಣ್ಣ, ನೀರಲ್ಲಿ ಕರಗದ, ಕೊಳೆಯದ ಸಂಶ್ಲೇಷಿತ ಪಾಲಿಮರ್ ಕಣಗಳೆಲ್ಲ ಮೈಕ್ರೋಪ್ಲಾಸ್ಟಿಕ್. ಇಂಗಾಲವೇ ಇಲ್ಲದ ಪಾಲಿಮರ್‌ಗೆ ವಿನಾಯಿತಿ ಇದೆ. ಸಿಲಿಕೋನ್‌ನಲ್ಲಿ ಮೀಥೈಲ್ ಗುಂಪಿನ ಇಂಗಾಲ ಇರೋದ್ರಿಂದ ಅದಕ್ಕೆ ಆ ವಿನಾಯಿತಿ ಸಿಗಲ್ಲ. ತೊಳೆಯೋ ಉತ್ಪನ್ನಗಳಿಗೆ 2027ರವರೆಗೆ, ಹಚ್ಚಿ ಬಿಡೋ ಕ್ರೀಮ್‌ಗಳಿಗೆ 2029ರವರೆಗೆ, ಮೇಕಪ್, ಲಿಪ್‌ಸ್ಟಿಕ್, ನೈಲ್ ಪಾಲಿಶ್‌ಗೆ 2035ರವರೆಗೆ ಗಡುವು.

ಮೇಕಪ್‌ಗೆ ಯಾಕೆ 12 ವರ್ಷ? ಬದಲಿ ಹುಡುಕೋದು ಅಷ್ಟು ಕಷ್ಟ. 2017ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಜಾನೆಟ್ ಸ್ಕಾಟ್, ಡೇವಿಡೆ ಮ್ಯಾಟಿಯಾ, ಕರೆನ್ ಎಡ್ಲರ್ ಅವರ ತಂಡ ಸೆಲ್ಯುಲೋಸ್ ಮಣಿ ಮಾಡೋ ವಿಧಾನ ಪ್ರಕಟಿಸಿತು. ಸೆಲ್ಯುಲೋಸ್ ಅಂದ್ರೆ ಗಿಡಗಳ ನಾರು, ನಮ್ಮ ಹತ್ತಿ ಬಟ್ಟೆಯಲ್ಲಿ ಇರೋದೂ ಅದೇ. ಅದನ್ನ ಕರಗಿಸಿ, ಸಣ್ಣ ತೂತುಗಳಿರೋ ಕೊಳವೆಯಿಂದ ಒತ್ತುತ್ತಾರೆ. ಹೊರಗೆ ಹರಿಯುವ ಅಡುಗೆ ಎಣ್ಣೆ ಹನಿಗಳನ್ನ ಒಂದೊಂದಾಗಿ ಕೊಚ್ಚಿಕೊಂಡು ಹೋಗುತ್ತೆ, ಆಮೇಲೆ ಹನಿಗಳನ್ನ ಗಟ್ಟಿ ಮಾಡಿ ಎಣ್ಣೆಯಿಂದ ಬೇರ್ಪಡಿಸ್ತಾರೆ. ಈ ಕೆಲಸದಿಂದ ಹುಟ್ಟಿದ ಕಂಪನಿ ನ್ಯಾಚುರ್‌ಬೀಡ್ಸ್. ಜಪಾನಿನ ಕಂಪನಿಗಳೂ ಸೆಲ್ಯುಲೋಸ್ ಮಣಿ ಮಾರುತ್ತಿವೆ. ಅಕ್ಕಿ, ಜೋಳದ ಪಿಷ್ಟ ಮತ್ತೆ ಬಳಕೆಗೆ ಬರ್ತಿದೆ. ಸಿಲಿಕೋನ್ ಬರೋ ಮುಂಚೆ ಫ್ರಾನ್ಸ್‌ನಲ್ಲಿ ಜನ ಮುಖಕ್ಕೆ ಹಚ್ಚುತ್ತಿದ್ದದ್ದೂ ಅಕ್ಕಿ ಪುಡಿಯೇ.

ಆದ್ರೆ ಸೆಲ್ಯುಲೋಸ್ ನೀರು ಕುಡಿಯುತ್ತೆ, ಸಿಲಿಕೋನ್ ನೀರನ್ನ ದೂಡುತ್ತೆ. ಬೆವರಿಗೆ ನಿಲ್ಲುವ ಮೇಕಪ್‌ಗೆ ಇದು ದೊಡ್ಡ ವ್ಯತ್ಯಾಸ. ಪಿಷ್ಟ ಸೂಕ್ಷ್ಮಜೀವಿಗೆ ಊಟ, ಹಾಗಾಗಿ ಕ್ರೀಮ್ ಕೆಡದಂತೆ ಇನ್ನಷ್ಟು ಎಚ್ಚರ ಬೇಕು. ಬಾಟಲಿಯಲ್ಲಿ ವರ್ಷಗಟ್ಟಲೆ ಕೆಡಬಾರದು, ನದಿಗೆ ಬಿದ್ದ ಮೇಲೆ ಬೇಗ ಕೊಳೆಯಬೇಕು. ಒಂದೇ ಕಣದಿಂದ ಎರಡೂ ಕೇಳ್ತಿದೀವಿ. ಮೆಕ್ಕೆಜೋಳದಂಥ ಬೆಳೆಯಿಂದ ಮಾಡಿದ ಮಾತ್ರಕ್ಕೆ ಕೊಳೆಯುತ್ತೆ ಅಂತಲೂ ಅಲ್ಲ. ಪಿಎಲ್‌ಎ ಪ್ಲಾಸ್ಟಿಕ್ ಚೆನ್ನಾಗಿ ಕೊಳೆಯೋದು ಕಾಂಪೋಸ್ಟ್ ಘಟಕದ ಬಿಸಿಯಲ್ಲಿ, ತಣ್ಣನೆಯ ಸಮುದ್ರದಲ್ಲಿ ಹಾಗೇ ಉಳಿಯುತ್ತೆ.

ಬಿಕಾಂ ಓದಿದ ನನಗೆ ಇದು ಲೆಕ್ಕದ ಪುಸ್ತಕದ ಪ್ರಶ್ನೆ ಥರ ಕಾಣುತ್ತೆ. ಎಂಬತ್ತು ವರ್ಷ ನಾವು ಸಿಲಿಕೋನ್‌ನ ಲಾಭವನ್ನ ಮಾತ್ರ ಬರೆದುಕೊಂಡ್ವಿ, ಚರಂಡಿ ಸೇರಿದ ಮೇಲಿನ ಖರ್ಚು ಯಾರ ಖಾತೆಗೂ ಹೋಗಲಿಲ್ಲ. ಯುರೋಪಿನ ನಿಯಮ ಆ ಖರ್ಚನ್ನ ತಯಾರಕರ ಖಾತೆಗೆ ಬರೀತಿದೆ. ಬಾತ್‌ನಂಥ ಪ್ರಯೋಗಗಳಿಗೆ ಗಿರಾಕಿ ಸಿಗೋದು ಈ ಕಾರಣಕ್ಕೇ.

ಹಾಗಾಗಿ 'ಮೈಕ್ರೋಬೀಡ್ ಫ್ರೀ' ಅಂತ ಇದ್ರೆ ಅಷ್ಟಕ್ಕೇ ನಿಲ್ಲಬೇಡಿ, ಹಿಂದಿನ ಪಟ್ಟಿ ಓದಿ. 'ಬಯೋಡಿಗ್ರೇಡಬಲ್' ಅಂತ ಇದ್ರೆ ಎಲ್ಲಿ, ಎಷ್ಟು ದಿನದಲ್ಲಿ ಅಂತ ಕಂಪನಿಗೆ ಮೆಸೇಜ್ ಮಾಡಿ ಕೇಳಿ. ಬಂದ ಉತ್ತರವನ್ನ ನನಗೂ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.