ಸನ್ನತಿಯ ಮಹಾಚೈತ್ಯವೂ ನಾಗಾವಿಯ ಘಟಿಕಾಸ್ಥಾನವೂ

ಶ್ರೀಮಠದ ಮಹೋತ್ಸವದ ಸ್ಮಾರಕಗ್ರಂಥಕ್ಕೆ ಇತಿಹಾಸ ವಿಷಯಕವಾದ ಲೇಖನವೊಂದನ್ನು ಬರೆದುಕೊಡಬೇಕೆಂದು ಪೂಜ್ಯ ಶ್ರೀಗಳವರು ಅಪ್ಪಣೆ ಕೊಡಿಸಿದಾಗ, ನಮ್ಮ ಗುರುಪರಂಪರೆಯ ವಿಷಯವಾಗಿಯೇ ನಾಲ್ಕು ಮಾತುಗಳನ್ನು ಬರೆಯುವುದೆಂದು ಮೊದಲು ಆಲೋಚಿಸಿದ್ದೆನು. ಆದರೆ ಆ ವಿಷಯವನ್ನು ನನಗಿಂತಲೂ ಚೆನ್ನಾಗಿ ಬಲ್ಲವರು ಇದೇ ಗ್ರಂಥದಲ್ಲಿ ಬರೆಯುತ್ತಿರುವರು. ಅಲ್ಲದೆ, ಮಠವೆಂಬ ಸಂಸ್ಥೆಯು ನಮ್ಮಿಂದಲೇ ಆರಂಭವಾದುದಲ್ಲ. ಭೀಮಾ ಕಾಗಿಣಾ ನದಿಗಳ ನಡುವಣ ಈ ನೆಲದಲ್ಲಿ ನಮಗಿಂತ ಬಹು ಮುಂಚೆ ಬೌದ್ಧರೂ ಜೈನರೂ ವೈದಿಕರೂ ವಿಹಾರ, ಬಸದಿ, ಘಟಿಕಾಸ್ಥಾನಗಳನ್ನು ಕಟ್ಟಿದರು, ನಡೆಸಿದರು, ಕಡೆಗೆ ಕಳೆದುಕೊಂಡರು. ಕಟ್ಟಿದ ಬಗೆಯನ್ನು ಎಲ್ಲರೂ ಬರೆಯುವರು. ಕಳೆದುಕೊಂಡ ಬಗೆಯನ್ನು ಬರೆಯುವವರು ವಿರಳ. ಮಹೋತ್ಸವದ ಹೊತ್ತಿನಲ್ಲಿ ಅದು ಅಮಂಗಳದ ಮಾತೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ತೋರಲಿಲ್ಲ.

ಸನ್ನತಿಗೆ ಹೋಗತಕ್ಕವರು ನಾಲವಾರದ ರೈಲು ನಿಲ್ದಾಣದಲ್ಲಿಳಿದು ತೊಗರಿ, ಜೋಳದ ಹೊಲಗಳ ನಡುವೆ ಭೀಮಾತೀರದ ಕಡೆಗೆ ಸಾಗಬೇಕು. ದಾರಿಯುದ್ದಕ್ಕೂ ಮನೆಯ ಗೋಡೆ, ನೆಲ, ಮಾಳಿಗೆ, ಹೊಲದ ಬದು ಎಲ್ಲವೂ ಶಹಾಬಾದಿನ ಫರಸಿಯವೇ. ಪದರು ಪದರಾಗಿ ಏಳುವ ಈ ಸುಣ್ಣಗಲ್ಲೇ ನಮ್ಮ ಸೀಮೆಯ ಭಾಗ್ಯ. ಇಂದು ವಾಡಿಯಲ್ಲಿ ಅದನ್ನು ಅರೆದು ಸಿಮೆಂಟು ಮಾಡುವರು. ಎರಡು ಸಾವಿರ ವರ್ಷಗಳ ಹಿಂದೆ ಅದರ ಮೇಲೆ ಬುದ್ಧನ ಚರಿತ್ರೆಯನ್ನು ಬಿಡಿಸಿದರು.

ಸನ್ನತಿಯಲ್ಲಿ ಇಂದಿಗೂ ಜೀವಂತವಾಗಿರುವುದು ಚಂದ್ರಲಾಂಬೆಯ ಕ್ಷೇತ್ರ. ಭಕ್ತಳ ಮಾನವನ್ನು ಕಾಯಲು ದೇವಿಯು ದುಂಬಿಗಳ ದಂಡನ್ನು ಕಳುಹಿ ದುಷ್ಟರಾಜನನ್ನು ದಮನ ಮಾಡಿದಳೆಂಬ ಸ್ಥಳಪುರಾಣವನ್ನು ಅಲ್ಲಿಯ ಅರ್ಚಕರು ಸೊಗಸಾಗಿ ಹೇಳುವರು. ಈ ಕ್ಷೇತ್ರದ ಆವರಣದಲ್ಲಿದ್ದ ಕಾಳಿಯ ಗುಡಿಯ ಮಾಳಿಗೆಯು 1986ರಲ್ಲಿ ಕುಸಿದುಬಿದ್ದಿತು. ವಿಗ್ರಹವು ಭಿನ್ನವಾಯಿತು. ಮಣ್ಣುಕಲ್ಲುಗಳನ್ನು ತೆಗೆಯುವಾಗ, ದೇವಿಯ ಪೀಠವಾಗಿದ್ದ ಚಪ್ಪಡಿಯ ಮೇಲೆ ಬ್ರಾಹ್ಮೀಲಿಪಿಯ ಅಕ್ಷರಗಳು ಕಂಡವು. ಅವು ಅಶೋಕ ಚಕ್ರವರ್ತಿಯ ಧರ್ಮಶಾಸನಗಳು! ಒಂದು ಮೈಯಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಬಂಡೆಗಲ್ಲು ಶಾಸನಗಳ ಭಾಗಗಳು. ಇನ್ನೊಂದು ಮೈಯಲ್ಲಿ ಎರಡು ಪ್ರತ್ಯೇಕ ಶಾಸನಗಳು. ಈ ಪ್ರತ್ಯೇಕ ಶಾಸನಗಳು ಅದುವರೆಗೆ ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ದೊರೆತಿದ್ದುವು. ಮೇಲೆ ವಿಗ್ರಹವನ್ನು ನಿಲ್ಲಿಸುವುದಕ್ಕಾಗಿ ಚಪ್ಪಡಿಯ ನಡುವೆ ಕುಳಿ ಕೊರೆದಿದ್ದುದರಿಂದ ಕೆಲವು ಅಕ್ಷರಗಳು ನಷ್ಟವಾಗಿವೆ.

ಹನ್ನೆರಡನೆಯ ಶಾಸನದ ತಾತ್ಪರ್ಯವನ್ನು ವಾಚಕರು ಬಲ್ಲರು. ತನ್ನ ಮತವನ್ನು ಮಿತಿಮೀರಿ ಹೊಗಳಿ ಪರಮತವನ್ನು ಕಾರಣವಿಲ್ಲದೆ ಜರೆಯತಕ್ಕವನು ತನ್ನ ಮತಕ್ಕೇ ಕೇಡನ್ನು ತರುವನೆಂದೂ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿ ತಿಳಿಯಬೇಕೆಂದೂ ಅದರ ಅಭಿಪ್ರಾಯ. ಇಂಥ ಮಾತುಗಳ ಕಲ್ಲು ಶತಮಾನಗಳ ಕಾಲ ಪರದೇವತೆಯೊಬ್ಬಳನ್ನು ತಲೆಯ ಮೇಲೆ ಹೊತ್ತು ಮೌನವಾಗಿತ್ತು. ಕಲ್ಲನ್ನು ಹಾಕಿದ ಕುಟಿಗನಿಗೆ ದ್ವೇಷವಿದ್ದಿತೆಂದು ನಾನು ನಂಬಲಾರೆ. ಅವನಿಗೆ ಚೊಕ್ಕವಾದ ಚಪ್ಪಡಿಯೊಂದು ಬೇಕಾಗಿದ್ದಿತು, ಸಿಕ್ಕಿತು. ಓದಬಲ್ಲವರು ಆಗ ಊರಿನಲ್ಲಿರಲಿಲ್ಲ. ಅಷ್ಟೇ.

ಸನ್ನತಿಗೆ ಸಮೀಪದ ಕನಗನಹಳ್ಳಿಯಲ್ಲಿ ದಿಬ್ಬವಾಗಿ ಬಿದ್ದಿದ್ದ ಮಹಾಸ್ತೂಪವನ್ನು ಭಾರತ ಸರ್ಕಾರದ ಪುರಾತತ್ತ್ವ ಇಲಾಖೆಯವರು 1994ರಿಂದ ಮೊದಲುಗೊಂಡು ಹಲವು ವರ್ಷ ಅಗೆದು ಬೆಳಕಿಗೆ ತಂದರು. ಅಲ್ಲಿಯ ಶಾಸನಗಳಲ್ಲಿ ಇದರ ಹೆಸರನ್ನು ಕೆಲವರು ಅಧೋಲೋಕ ಮಹಾಚೈತ್ಯವೆಂದೂ ಕೆಲವರು ಅಧಾಲಕ ಮಹಾಚೈತ್ಯವೆಂದೂ ಓದಿರುವರು. ಕ್ರಿಸ್ತಪೂರ್ವ ಒಂದನೆಯ ಶತಮಾನದಿಂದ ಕ್ರಿಸ್ತಶಕ ಮೂರನೆಯ ಶತಮಾನದವರೆಗೆ ಇದು ಬೆಳೆಯುತ್ತ ಬಂದಿತು. ಅಂಡವನ್ನು ಸುತ್ತುವರಿದಿದ್ದ ಚಪ್ಪಡಿಗಳ ಮೇಲೆ ಜಾತಕಕಥೆಗಳು, ಬೋಧಿವೃಕ್ಷ, ಧರ್ಮಚಕ್ರ, ಬುದ್ಧಪಾದಗಳು. ಸಿಮುಕ, ಶಾತಕರ್ಣಿ, ಪುಳುಮಾವಿ ಮೊದಲಾದ ಶಾತವಾಹನ ಅರಸರ ರೂಪಗಳು ಹೆಸರು ಸಹಿತವಾಗಿ. ಎಲ್ಲಕ್ಕಿಂತ ಮಿಗಿಲಾದುದು ರಾಣಿಯೊಡನೆ ಪರಿವಾರದ ಮಧ್ಯೆ ನಿಂತ ಅರಸನೊಬ್ಬನ ಚಪ್ಪಡಿ. ಅದರ ಮೇಲೆ ಬ್ರಾಹ್ಮಿಯಲ್ಲಿ ರಾಜ ಅಶೋಕನೆಂದು ಕೆತ್ತಿದೆ. ಅವನ ಹೆಸರು 1915ರಲ್ಲಿ ಮಸ್ಕಿಯಲ್ಲಿ ದೊರೆತುದು ನಮ್ಮ ಕನ್ನಡ ನಾಡಿಗೆ ಹೆಮ್ಮೆಯಾಗಿದ್ದಿತು. ಹೆಸರಿನೊಡನೆ ರೂಪವೂ ನಮ್ಮಲ್ಲಿಯೇ ದೊರೆಯಿತು.

ಆದರೆ ನಾನು ಅಲ್ಲಿ ಹೆಚ್ಚು ಹೊತ್ತು ನಿಂತುದು ಅರಸರ ಮುಂದಲ್ಲ. ನೂರಾರು ಚಿಕ್ಕ ಚಿಕ್ಕ ದಾನಶಾಸನಗಳು ಅಲ್ಲಿವೆ. ಗೃಹಪತಿಗಳು, ವ್ಯಾಪಾರಿಗಳು, ಭಿಕ್ಷುಗಳು, ಭಿಕ್ಷುಣಿಯರು ಒಬ್ಬೊಬ್ಬರೂ ಒಂದು ಚಪ್ಪಡಿಯನ್ನೋ ಕಂಬವನ್ನೋ ಕೊಟ್ಟು ಹೆಸರನ್ನು ಬರೆಯಿಸಿರುವರು. ಚಕ್ರವರ್ತಿಯ ಬೊಕ್ಕಸದಿಂದ ಒಮ್ಮೆಗೇ ಎದ್ದ ಕಟ್ಟಡವಿದಲ್ಲ. ಕಾಯಕದ ಗಳಿಕೆಯಿಂದ ದಾಸೋಹಕ್ಕೆ ಸೇರನ್ನೋ ಪಾವನ್ನೋ ತಂದೊಪ್ಪಿಸುವ ನಮ್ಮ ಭಕ್ತರ ರೀತಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸ್ತೂಪವು ಬಿದ್ದ ಮೇಲೆ ಈ ಕಲ್ಲುಗಳು ಮಣ್ಣಿನಡಿ ಸುಖವಾಗಿದ್ದುವು. ಹೊರಬಂದ ಮೇಲೆ ಬಹುಕಾಲ ಬಿಸಿಲುಮಳೆಗಳ ನಡುವೆ ಕಷ್ಟಪಟ್ಟವು. ಜೀರ್ಣೋದ್ಧಾರವು ತಡವಾಗಿಯಾದರೂ ಆರಂಭವಾದುದು ಸಂತೋಷದ ಸಂಗತಿ. ಊರಿನ ಬಳಿಯ ರಣಮಂಡಲವೆಂಬ ಕೋಟೆಯ ನೆಲವು ಸುಮಾರು 210 ಎಕರೆಗಳಷ್ಟಿದ್ದು, 2009ರವರೆಗೆ ಎರಡು ಎಕರೆಗಳನ್ನು ಮಾತ್ರ ಅಗೆದಿದ್ದರು. ಭಿಕ್ಷುಗಳ ಗ್ರಂಥಗಳಲ್ಲಿ ಒಂದು ಗರಿಯೂ ಸನ್ನತಿಯಲ್ಲಿ ಉಳಿದು ಬಂದಿಲ್ಲ.

ಇಲ್ಲಿ ಸ್ವಲ್ಪ ದೂರದೇಶಕ್ಕೆ ಹೋಗಿಬರುವುದಕ್ಕೆ ವಾಚಕರು ಅನುಮತಿಸಬೇಕು. ಕ್ರೈಸ್ತರಲ್ಲಿ ಬೆನೆಡಿಕ್ಟೀನರೆಂಬ ಸಂನ್ಯಾಸಿಗಳಿರುವರು. ಅವರ ಮೂಲಪುರುಷನಾದ ಸಂತ ಬೆನೆಡಿಕ್ಟನು ಸುಮಾರು 529ರಲ್ಲಿ ಇಟಲಿಯ ಮಾಂಟೆ ಕಾಸಿನೋ ಬೆಟ್ಟದ ಮೇಲೆ ಮಠವನ್ನು ಸ್ಥಾಪಿಸಿ, 73 ಅಧ್ಯಾಯಗಳ ನಿಯಮಗ್ರಂಥವನ್ನು ರಚಿಸಿದನು. ಪ್ರಾರ್ಥನೆ, ಕೈಗೆಲಸ, ಅಧ್ಯಯನ, ಈ ಮೂರಕ್ಕೂ ದಿನದಲ್ಲಿ ಹೊತ್ತನ್ನು ಹಂಚಿಕೊಟ್ಟಿರುವನು. ಬಂದ ಅತಿಥಿಯನ್ನು ಕ್ರಿಸ್ತನೆಂದೇ ಭಾವಿಸಿ ಸತ್ಕರಿಸಬೇಕೆಂದು ವಿಧಿಸಿರುವನು. ನಮ್ಮ ಶ್ರಾವಣದಂತೆ ಅವರಿಗೆ ಉಪವಾಸದ ಪರ್ವಕಾಲವೊಂದುಂಟು. ಅದರ ಆದಿಯಲ್ಲಿ ಮಠದ ಪ್ರತಿಯೊಬ್ಬನಿಗೂ ಒಂದೊಂದು ಗ್ರಂಥವನ್ನು ಕೊಡಬೇಕು, ಅವನು ಅದನ್ನು ಮೊದಲಿನಿಂದ ಕಡೆಯವರೆಗೆ ಬಿಡದೆ ಓದಬೇಕು. ಈ ಸಂಪ್ರದಾಯದ ಮಠವೊಂದು ನಮ್ಮ ಬೆಂಗಳೂರಿನ ಕೆಂಗೇರಿಯ ಬಳಿಯಲ್ಲಿ ಆಶೀರ್ವನವೆಂಬ ಹೆಸರಿನಿಂದ 1957ರಿಂದ ಇರುವುದು.

ಯೂರೋಪಿನಲ್ಲಿ ಇವರ ಮಠಗಳನ್ನು ನೋಡುವುದಕ್ಕೆಂದೇ ಯಾತ್ರಿಕರು ಹೋಗುವರು. ಆಸ್ಟ್ರಿಯಾ ದೇಶದ ಡ್ಯಾನ್ಯೂಬ್ ನದಿಯ ದಂಡೆಯ ಬಂಡೆಯ ಮೇಲೆ ಮೆಲ್ಕ್ ಎಂಬ ಮಠವಿದೆ. 1089ರಲ್ಲಿ ಬೆನೆಡಿಕ್ಟೀನರು ಅಲ್ಲಿಗೆ ಬಂದರು. ಈಗ ಕಾಣುವ ಅರಮನೆಯಂಥ ಕಟ್ಟಡವನ್ನು ಪ್ರಾಂಟೌವರ್ ಎಂಬ ಶಿಲ್ಪಿಯ ಯೋಜನೆಯಂತೆ 1702ರಿಂದ 1736ರವರೆಗೆ ಕಟ್ಟಿದರು. ಇದು ಬರೋಕ್ ಎಂಬ ಶೈಲಿ. ಸೊಟ್ಟ ಮುತ್ತಿಗೆ ಪೋರ್ತುಗೀಜರು ಹೇಳುವ ಮಾತಿನಿಂದ ಆ ಹೆಸರು ಬಂದಿತೆನ್ನುವರು. ಗೋಡೆಯು ನೆಟ್ಟಗೆ ನಿಲ್ಲದೆ ಅಲೆಯಂತೆ ಬಾಗುವುದು, ಎಲ್ಲೆಲ್ಲಿಯೂ ಹೊನ್ನಿನ ಲೇಪ, ಛಾವಣಿಯೇ ತೆರೆದು ಸ್ವರ್ಗವು ಕಂಡಂತೆ ಭ್ರಮೆಗೊಳಿಸುವ ಚಿತ್ರಗಳು. ನಾನು ಇವನ್ನು ಚಿತ್ರಪುಸ್ತಕಗಳಲ್ಲಿ ನೋಡಿದವನು. ಈ ಶೈಲಿಯ ಒಂದು ಮಾದರಿಯನ್ನು ಕಣ್ಣಾರೆ ನೋಡಬೇಕೆಂಬವರು ಗೋವೆಗೆ ಹೋಗಿ, ಜೆಸ್ಯುಯಿಟರು 1605ರಲ್ಲಿ ಮುಗಿಸಿದ ಬಾಂ ಜೀಸಸ್ ಇಗರ್ಜಿಯನ್ನು ನೋಡಬಹುದು. ಮೊದಲ ನೋಟಕ್ಕೆ ಬೆರಗು, ಎರಡನೆಯ ನೋಟಕ್ಕೆ ಸ್ವಲ್ಪ ಆಯಾಸ. ಕನಗನಹಳ್ಳಿಯ ಶಿಲ್ಪಿಯು ಅಂಗೈಯಗಲದ ಕಲ್ಲಿನಲ್ಲಿ ಹೇಳಿ ಮುಗಿಸಿದುದನ್ನು ಇವರು ಇಡೀ ಛಾವಣಿಯಲ್ಲಿ ಹೇಳುವರು.

ಈ ವೈಭವದ ವಿಷಯವಾಗಿ ಅವರಲ್ಲಿಯೇ ಆಕ್ಷೇಪವಿದ್ದಿತೆಂಬುದನ್ನು ಮರೆಯಬಾರದು. ಅದೇ ಬೆನೆಡಿಕ್ಟನ ನಿಯಮವನ್ನು ಕಟ್ಟುನಿಟ್ಟಾಗಿ ಆಚರಿಸಲು ಹೊರಟ ಸಿಸ್ಟರ್ಶಿಯನ್ ಪಂಥದ ಸಂತ ಬರ್ನಾರ್ಡನು, ದೇವಾಲಯದ ಕಲ್ಲುಗಳಿಗೆ ಚಿನ್ನದ ಹೊದಿಕೆಯನ್ನು ಹೊದಿಸಿ ದೇವರ ಮಕ್ಕಳಾದ ಬಡವರನ್ನು ಬತ್ತಲೆ ಬಿಡುವಿರಾ ಎಂಬ ಅರ್ಥದಲ್ಲಿ ಮಠಾಧಿಪತಿಗಳನ್ನು ತೀಕ್ಷ್ಣವಾಗಿ ಖಂಡಿಸಿ ಬರೆದನು. ಅವನು 1090ರಿಂದ 1153ರವರೆಗೆ ಬಾಳಿದವನು. ಎಂದರೆ ನಮ್ಮ ಬಸವಣ್ಣನವರಿಗೆ ಸಮಕಾಲೀನ. ಒಬ್ಬರನ್ನೊಬ್ಬರು ಕನಸಿನಲ್ಲಿಯೂ ಅರಿಯದ ಇಬ್ಬರು ಒಂದೇ ಶತಮಾನದಲ್ಲಿ ಸ್ಥಾವರದ ಸೊಬಗನ್ನು ಕುರಿತು ಒಂದೇ ಬಗೆಯ ಸಂಶಯವನ್ನು ತಾಳಿದರು! ಆರು ನೂರು ವರ್ಷಗಳ ಮೇಲೆ ಅದೇ ನಿಯಮದ ಮಠಗಳು ಹೊನ್ನಿನಿಂದ ತುಂಬಿದುವು. ಬಸವಣ್ಣನವರ ಹೆಸರನ್ನು ಹೇಳುವ ಮಠಗಳ ಶಿಖರಗಳಿಗೂ ಈಗ ಹೊನ್ನ ಬಣ್ಣ ಬರುತ್ತಿರುವುದನ್ನು ನೋಡಿದರೆ, ಪಡುವಣವರನ್ನು ಮಾತ್ರ ನಗುವುದು ಉಚಿತವಲ್ಲವೆಂದು ತೋರುತ್ತದೆ.

ಆದರೆ ಆ ಮಠಗಳ ಪುಸ್ತಕಭಂಡಾರಗಳ ಮುಂದೆ ನನ್ನ ಆಕ್ಷೇಪವು ಮೆತ್ತಗಾಗುವುದು. ಮೆಲ್ಕಿನಲ್ಲಿ ಸುಮಾರು ಒಂದು ಲಕ್ಷ ಗ್ರಂಥಗಳಿವೆ. ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್ ಮಠವು 1805ರಲ್ಲಿ ಮುಚ್ಚಿಹೋದರೂ ಅದರ ಗ್ರಂಥಭಂಡಾರವು ಚೆದರಲಿಲ್ಲ. ಬಾಗಿಲ ಮೇಲೆ ಇದು ಆತ್ಮದ ಔಷಧಾಲಯವೆಂಬ ಅರ್ಥದ ಗ್ರೀಕ್ ಮಾತಿದೆ. ಮಠವೊಂದು ಹೇಗಿರಬೇಕೆಂದು ಚರ್ಮಪಟದ ಮೇಲೆ ಬರೆದ ನಕ್ಷೆಯೊಂದು ಅಲ್ಲಿ ಉಳಿದಿದೆ. ಪ್ರಾರ್ಥನಾಮಂದಿರ, ಲೇಖನಶಾಲೆ, ಪಾಠಶಾಲೆ, ರೋಗಿಗಳ ಮನೆ, ಅತಿಥಿಗೃಹ, ತೋಟ, ಕೋಳಿಗೂಡು ಸಹ ಅದರಲ್ಲಿದೆ. ಅದನ್ನು ಬರೆದುದು 820ರಿಂದ 830ರ ಸುಮಾರಿನಲ್ಲಿ. ಆಗ ನಮ್ಮ ಮಳಖೇಡದಲ್ಲಿ ನೃಪತುಂಗನು ಆಳುತ್ತಿದ್ದನು.

ನಮ್ಮಲ್ಲಿ ಇಂಥ ವ್ಯವಸ್ಥೆ ಇರಲಿಲ್ಲವೆಂದಲ್ಲ. ಚಿತ್ತಾಪುರದ ಬಳಿಯ ನಾಗಾವಿಗೆ ಹೋಗಿ ನೋಡಬೇಕು. ಈಗ ಅಲ್ಲಿ ಜನರು ಹೋಗುವುದು ಯಲ್ಲಮ್ಮನ ದರ್ಶನಕ್ಕೆ. ಪಕ್ಕದಲ್ಲಿ ಅರವತ್ತು ಕಂಬದ ಗುಡಿಯು ನಿಂತಿದೆ. ಕಲ್ಯಾಣದ ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಆಳಿಕೆಯಲ್ಲಿ, ಕ್ರಿಸ್ತಶಕ 1058ರಲ್ಲಿ, ಅವನ ದಂಡನಾಯಕನಾದ ಮಧುಸೂದನನು ಇಲ್ಲಿ ಘಟಿಕಾಶಾಲೆಯನ್ನು ಸ್ಥಾಪಿಸಿದನು. ಅಲ್ಲಿಯ ಶಾಸನಗಳನ್ನು ಹೈದರಾಬಾದಿನ ಪುರಾತತ್ತ್ವ ಇಲಾಖೆಯವರು 1928ರಲ್ಲಿಯೇ ಅಚ್ಚು ಹಾಕಿಸಿದರು. ವೇದವನ್ನು ಓದುವ 200 ವಿದ್ಯಾರ್ಥಿಗಳು, ಶಾಸ್ತ್ರವನ್ನು ಓದುವ 52 ವಿದ್ಯಾರ್ಥಿಗಳು, ವೇದಕ್ಕೆ ಮೂವರು ಉಪಾಧ್ಯಾಯರು, ಭಾಟ್ಟ, ಪ್ರಾಭಾಕರ, ನ್ಯಾಸ ಈ ಶಾಸ್ತ್ರಗಳಿಗೆ ಮೂವರು. ಇವರಲ್ಲದೆ ಆರು ಮಂದಿ ಸರಸ್ವತೀಭಾಂಡಾಗಾರಿಕರು. ಪಾಠ ಹೇಳತಕ್ಕವರು ಆರು ಮಂದಿಯಾದರೆ ಪುಸ್ತಕಗಳನ್ನು ಕಾಯತಕ್ಕವರೂ ಆರು ಮಂದಿ! ಈ ಲೆಕ್ಕವನ್ನು ಮೊದಲ ಸಲ ಓದಿದಾಗ ಲಿಪಿಕಾರನು ತಪ್ಪಿರಬಹುದೆಂದುಕೊಂಡೆನು. ಆಮೇಲೆ ಯೋಚಿಸಿದರೆ ಲೆಕ್ಕವು ಸರಿಯೆಂದೇ ಕಂಡಿತು. ಓಲೆಗೆ ಗೆದ್ದಲು, ತೇವ, ಇಲಿ, ಮಳೆಗಾಲ ಇವೆಲ್ಲ ಹಗೆಗಳು. ವರ್ಷವರ್ಷವೂ ಬಿಚ್ಚಿ ಗಾಳಿಗಿಟ್ಟು ಎಣ್ಣೆ ಸವರಿ, ಜೀರ್ಣವಾದುದನ್ನು ಹೊಸ ಗರಿಗೆ ಇಳಿಸಬೇಕು. ಅದು ಬಿಡುವಿಲ್ಲದ ಕೆಲಸ.

ನಾಗಾವಿಯ ಆ ಭಂಡಾರದಿಂದ ಒಂದು ಗರಿಯಾದರೂ ಉಳಿದಿಲ್ಲ. ಕಂಬಗಳಿವೆ.

ಮಳಖೇಡದಲ್ಲಿ ನೇಮಿನಾಥನ ಬಸದಿಯಿದೆ. ಉತ್ತರಾದಿಮಠದ ಪರಂಪರೆಯಂತೆ ಜಯತೀರ್ಥರ ಬೃಂದಾವನವೂ ಕಾಗಿಣಾತೀರದಲ್ಲಿ ಅಲ್ಲಿಯೇ ಇರುವುದು. 972ರಲ್ಲಿ ಪರಮಾರ ಸೀಯಕನು ಆ ರಾಜಧಾನಿಯನ್ನು ಸೂರೆಮಾಡಿದನು. ಸೇಡಂ ಊರಿನ ಮುನ್ನೂರ್ವರು ಮಹಾಜನರು, ತಾವು ಬ್ರಾಹ್ಮಣರಾಗಿದ್ದರೂ, ಹನ್ನೆರಡನೆಯ ಶತಮಾನದಲ್ಲಿ ಶಾಂತಿನಾಥನ ಬಸದಿಯನ್ನು ಕಟ್ಟಿಸಿದ ಸಂಗತಿಯು ಅಲ್ಲಿಯ ಶಾಸನದಿಂದ ತಿಳಿಯುತ್ತದೆ. ಸನ್ನತಿಯಲ್ಲಿ ಮುಚ್ಚಿಹೋಗಿದ್ದ ಅಶೋಕನ ಮಾತನ್ನು ಇವರು ಓದದೆಯೇ ನಡೆಸಿದರು. ಬಳ್ಳಿಗಾವಿಯ ಕೋಡಿಯಮಠವನ್ನು ಕುರಿತ 1162ರ ಶಾಸನವು ವೇದ, ವ್ಯಾಕರಣ, ದರ್ಶನಗಳ ಪಾಠವನ್ನೂ, ಕ್ಷಪಣಕರೇ ಮೊದಲಾದ ಎಲ್ಲ ಮತದ ಭಿಕ್ಷುಕರಿಗೆ ಅಲ್ಲಿ ದೊರೆಯುತ್ತಿದ್ದ ಅನ್ನವನ್ನೂ, ರೋಗಿಗಳಿಗೆ ಔಷಧವನ್ನೂ ವರ್ಣಿಸುವುದು. ಸೇಂಟ್ ಗಾಲಿನ ನಕ್ಷೆಯಲ್ಲಿ ಗೆರೆಯಾಗಿ ಇರುವುದು ಅಲ್ಲಿ ಮಾತಾಗಿ ಇದೆ.

ಈಗ ನನ್ನದೊಂದು ಸಂಗತಿಯನ್ನು ಹೇಳದೆ ಈ ಲೇಖನವನ್ನು ಮುಂದುವರಿಸಲಾರೆ. ನಾನು ಪಾಠಶಾಲೆಯ ವಿದ್ಯಾರ್ಥಿಯಾಗಿದ್ದಾಗ, ಒಂದು ಮಠದಲ್ಲಿ ಹಳೆಯ ಮಾಳಿಗೆಯನ್ನು ಬಿಚ್ಚಿ ಹೊಸ ಸಭಾಮಂಟಪವನ್ನು ಕಟ್ಟುವುದಾಯಿತು. ಅಟ್ಟದ ಮೇಲೆ ಕೆಂಪು ಅರಿವೆಯಲ್ಲಿ ಸುತ್ತಿದ ಓಲೆಯ ಕಟ್ಟುಗಳು ರಾಶಿಯಾಗಿದ್ದುವು. ಜೀರ್ಣವಾದ ಗ್ರಂಥವನ್ನು ಕಾಲು ತಾಗುವಲ್ಲಿ ಇಡಬಾರದು, ಗಂಗೆಗೆ ಒಪ್ಪಿಸಬೇಕೆಂದು ಹಿರಿಯರು ಹೇಳಿದರು. ಭಕ್ತಿಯಿಂದಲೇ ಹೇಳಿದರು. ನಾವು ನಾಲ್ವರು ಹುಡುಗರು ವಿಭೂತಿ ಧರಿಸಿ, ಬುಟ್ಟಿಗಳನ್ನು ತಲೆಯ ಮೇಲೆ ಹೊತ್ತು ಹೊಳೆಗೆ ಹೋಗಿ, ಮಂತ್ರ ಹೇಳುತ್ತ ಒಂದೊಂದು ಕಟ್ಟನ್ನೇ ಮಡುವಿಗೆ ಬಿಟ್ಟೆವು. ಒಂದರ ದಾರವು ಬಿಚ್ಚಿ ಗರಿಗಳು ಹರಡಿ ತೇಲಿದುವು, ಅಕ್ಷರಗಳು ಸ್ಪಷ್ಟವಾಗಿದ್ದುವು. ಆಗ ನನಗೆ ಹಳಗನ್ನಡದ ಮೋಡಿಯ ಓದು ಇನ್ನೂ ಬರುತ್ತಿರಲಿಲ್ಲ. ಆ ಬುಟ್ಟಿಯಲ್ಲಿ ಏನಿತ್ತೆಂಬುದು ಇಂದಿಗೂ ಯಾರಿಗೂ ತಿಳಿಯದು. ಸನ್ನತಿಯ ಕುಟಿಗನನ್ನು ನಾನು ಮೇಲೆ ಕ್ಷಮಿಸಿದುದಕ್ಕೆ ಇದೇ ಕಾರಣ.

1944ರ ಫೆಬ್ರವರಿ 15ರಂದು ಮಹಾಯುದ್ಧದಲ್ಲಿ ಮಾಂಟೆ ಕಾಸಿನೋ ಮಠವು ವಿಮಾನಗಳ ಬಾಂಬುಗಳಿಂದ ನೆಲಸಮವಾಯಿತು. ಅದಕ್ಕೆ ಕೆಲವು ತಿಂಗಳ ಮೊದಲೇ ಅಲ್ಲಿಯ ಗ್ರಂಥಗಳನ್ನೂ ದಸ್ತಾವೇಜುಗಳನ್ನೂ ಪೆಟ್ಟಿಗೆಗಳಲ್ಲಿ ತುಂಬಿ ರೋಮಿಗೆ ಸಾಗಿಸಿದ್ದರು. ಕಟ್ಟಡವನ್ನು ಹಳೆಯ ಆಕಾರದಲ್ಲಿಯೇ ತಿರುಗಿ ಕಟ್ಟಿದರು. 1964ರಲ್ಲಿ ಪುನಃಪ್ರತಿಷ್ಠೆಯೂ ಆಯಿತು. ಗ್ರಂಥಗಳು ಹೋಗಿದ್ದರೆ ಅವನ್ನು ಯಾವ ಶಿಲ್ಪಿಯು ಕಟ್ಟಿಕೊಡುತ್ತಿದ್ದನು?

ಮಹೋತ್ಸವದ ನಿಮಿತ್ತ ಶ್ರೀಮಠದ ಹಿಂದಿನ ಅಂಕಣವನ್ನು ಬಿಚ್ಚುವ ಕೆಲಸವು ಸದ್ಯದಲ್ಲಿಯೇ ಆರಂಭವಾಗಲಿದೆ. ಅಲ್ಲಿಂದ ಏಳುವ ಒಂದೊಂದು ಫರಸಿಯನ್ನೂ ಮಗುಚಿ ಎರಡು ಮೈಯನ್ನೂ ನೋಡಿದ ಹೊರತು ಹೊಸ ಬುನಾದಿಗೆ ಹಾಕಬಾರದೆಂದು ಶ್ರೀಗಳವರಲ್ಲಿ ವಿಜ್ಞಾಪಿಸಿಕೊಂಡೆನು; ಅವರು ಒಪ್ಪಿ ಗೌಂಡಿಗಳಿಗೆ ಹಾಗೆಯೇ ಅಪ್ಪಣೆ ಕೊಡಿಸಿರುವರು. ಅಟ್ಟದ ಮೇಲಿನ ಓಲೆಕಟ್ಟುಗಳನ್ನು ಕೆಳಗಿಳಿಸಿ, ಮಜ್ಜಿಗೆಹುಲ್ಲಿನ ಎಣ್ಣೆಯನ್ನು ಸವರಿ ಪಟ್ಟಿಮಾಡುವ ಕೆಲಸವನ್ನು ಕಳೆದ ಶ್ರಾವಣದಿಂದ ಕೈಕೊಂಡಿರುವೆನು. ಪಾಠಶಾಲೆಯ ಇಬ್ಬರು ಹುಡುಗರು ನೆರವಾಗುತ್ತಿರುವರು. ಇದುವರೆಗೆ ಹದಿನೇಳು ಕಟ್ಟುಗಳನ್ನು ಬಿಚ್ಚಿದ್ದೇವೆ. ಒಂದರ ಕೊನೆಯ ಗರಿಯಲ್ಲಿ ಬರೆದವನ ಹೆಸರಿದ್ದ ಭಾಗವನ್ನು ಗೆದ್ದಲು ತಿಂದಿದೆ. ಅವನ ಊರಿನ ಹೆಸರು ಮಾತ್ರ ಉಳಿದಿದೆ. ಆ ಊರು ಸನ್ನತಿ.