ಲವಂಗದ ದ್ವೀಪಗಳ ನುಡಿಬಳಗ

ಇಂಡೊನೇಷ್ಯಾದ ಹಲ್ಮಹೇರ ದ್ವೀಪದ ಉತ್ತರಭಾಗದಲ್ಲಿಯೂ ನೆರೆಯ ಟರ್ನಾಟೆ, ಟಿಡೋರೆಗಳಲ್ಲಿಯೂ ಒಂದು ಪುಟ್ಟ ಭಾಷಾಕುಟುಂಬವಿದೆ. ಲವಂಗದ ವ್ಯಾಪಾರದಿಂದ ಹೆಸರಾದ ಟರ್ನಾಟೆಯ ಸುಲ್ತಾನನು 1521ರ ಸುಮಾರಿಗೆ ಪೋರ್ಚುಗಲ್ಲಿನ ದೊರೆಗೆ ಬರೆಸಿದ ಪತ್ರ ಇಂದಿಗೂ ಉಳಿದಿದೆ. ಅದರ ಭಾಷೆ ಮಾತ್ರ ಮಲಯ. ಇಲ್ಲಿನ ನುಡಿಗಳಲ್ಲಿ ಮಲಯ ಪದಗಳು ಹೇರಳ. ಆದರೂ ಇವು ಮಲಯ ಸೇರಿದ ಆಸ್ಟ್ರೊನೇಷಿಯನ್ ಕುಲದವಲ್ಲವೆಂದು 1915ರಲ್ಲಿ ಡಚ್ ವಿದ್ವಾಂಸ ವಾನ್ ಡರ್ ವೀನ್ ತೋರಿಸಿದರು.

ಇವನ್ನೀಗ ಪಾಪುವನ್ ಎನ್ನುತ್ತಾರೆ. ಅದೂ ಒಂದೇ ಕುಲದ ಹೆಸರಲ್ಲ; ನ್ಯೂಗಿನಿಯ ಸುತ್ತಮುತ್ತಲಿನ, ಆಸ್ಟ್ರೊನೇಷಿಯನ್ ಅಲ್ಲದ ಹಲವು ಕುಟುಂಬಗಳಿಗೆ ಇಟ್ಟ ಒಟ್ಟು ಹೆಸರು.

ಸಂಸ್ಕೃತ ಪದಗಳು ಎಷ್ಟೇ ಇದ್ದರೂ ದಕ್ಷಿಣದ ನುಡಿಗಳ ಮೂಲ ಬೇರೆಯೆಂದು ಮದರಾಸಿನಲ್ಲಿ ಎಲ್ಲಿಸ್ 1816ರಲ್ಲಿಯೇ ವಾದಿಸಿದ್ದರು. ಹಲ್ಮಹೇರದಲ್ಲಿಯೂ ಎರವಲು ಪದಗಳು ಮೂಲವನ್ನು ಮರೆಮಾಡಿದ್ದವು. ಈಗ ಅಲ್ಲಿನ ಎಳೆಯರು ಮಲಯದತ್ತ ಹೊರಳುತ್ತಿದ್ದಾರೆ. ಕುಲವನ್ನು ಗುರುತಿಸಿದ ಮಾತ್ರಕ್ಕೆ ನುಡಿ ಉಳಿಯದು.