ಹಲ್ಮಿಡಿಯ ಶಿಲೆಯೂ ಪ್ರಾಚೀನ ವಸ್ತುಗಳ ಮೂಲಸ್ಥಾನವೂ

ಪುರಾತನವಾದ ಶಿಲೆಯೊಂದು ವಸ್ತುಸಂಗ್ರಹಾಲಯವನ್ನು ಸೇರಿದಾಗ, ನೋಡುವವರು ಅದರ ವಯಸ್ಸನ್ನೂ ಅಂದವನ್ನೂ ವಿಚಾರಿಸುವರೇ ಹೊರತು, ಅದು ಯಾವ ಊರಿನಿಂದ, ಯಾರ ಕೈಯಿಂದ ಅಲ್ಲಿಗೆ ಬಂದಿತೆಂದು ವಿಚಾರಿಸುವುದು ವಿರಳ. ಇತಿಹಾಸಕ್ಕಾದರೋ ಈ ಪ್ರಶ್ನೆಯೇ ಮೊದಲನೆಯದು. ಇದಕ್ಕೆ ನಿದರ್ಶನವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಬಿಕ್ಕೋಡು ಸೇರಿರುವ ಬೇಲೂರು ತಾಲ್ಲೂಕಿನಲ್ಲಿಯೇ ಅದು ದೊರೆಯುವುದು.

1936ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಡೈರೆಕ್ಟರಾಗಿದ್ದ ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಹಲ್ಮಿಡಿ ಗ್ರಾಮದಲ್ಲಿ, ಸುಮಾರು ಎರಡೂವರೆ ಅಡಿ ಎತ್ತರದ, 16 ಪಂಕ್ತಿಗಳ ಶಿಲಾಶಾಸನವೊಂದನ್ನು ಬೆಳಕಿಗೆ ತಂದರು. ಕನ್ನಡದ ಅತಿ ಪ್ರಾಚೀನ ಶಾಸನವೆಂದು ಬಹುಕಾಲ ಪ್ರಸಿದ್ಧವಾದುದು ಇದೇ. ಕದಂಬ ಕಾಕುಸ್ಥನ ಕಾಲದ್ದೆಂಬ ಇದರಲ್ಲಿ ವರ್ಷವು ಕೆತ್ತಲ್ಪಟ್ಟಿಲ್ಲ, ಸುಮಾರು ಕ್ರಿ. ಶ. 450 ಎಂಬುದು ವಿದ್ವಾಂಸರಲ್ಲಿ ಅನೇಕರ ಊಹೆ. ಯುದ್ಧದಲ್ಲಿ ಪರಾಕ್ರಮವನ್ನು ತೋರಿದ ವಿಜ ಅರಸನಿಗೆ ಪಲ್ಮಡಿ, ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಬಾಳ್ಗಳ್ಚು, ಎಂದರೆ ಕತ್ತಿಯನ್ನು ತೊಳೆದ ಗೌರವದ ದತ್ತಿಯಾಗಿ, ಕೊಟ್ಟುದನ್ನು ಅದು ಹೇಳುವುದು.

ಹಳಗನ್ನಡದ ಪಕಾರವು ಮುಂದೆ ಹಕಾರವಾದುದು ಸರ್ವವಿದಿತ. ಪಾಲು ಹಾಲಾಯಿತು, ಪಲ್ಮಡಿಯು ಹಲ್ಮಿಡಿಯಾಯಿತು. ಶಿಲೆಯು ಊರನ್ನು ಹೆಸರಿಸುವುದು. ಊರು ಶಿಲೆಗೆ ಸಾಕ್ಷಿ ನುಡಿಯುವುದು. ಇದೇ ಕಲ್ಲು ವ್ಯಾಪಾರಿಯೊಬ್ಬನ ಮೂಲಕ ಯಾವುದೋ ಪಟ್ಟಣದಲ್ಲಿ ಕ್ರಯಕ್ಕೆ ಬಂದಿದ್ದರೆ, ಅಕ್ಷರಗಳು ಅವೇ ಆಗಿದ್ದರೂ, ಪಲ್ಮಡಿ ಎಲ್ಲಿಯದೆಂಬುದು ವಾದವಾಗಿಯೇ ಉಳಿಯುತ್ತಿತ್ತು. ಕಲ್ಲೇ ಕೃತಕವೆಂಬ ಸಂಶಯಕ್ಕೂ ಎಡೆಯಾಗುತ್ತಿತ್ತು.

ಅಕ್ಷರವುಳ್ಳ ಕಲ್ಲಿನ ಗತಿಯೇ ಹೀಗಾದರೆ, ಮೂಕವಾದ ವಿಗ್ರಹದ ಪಾಡೇನು? ಬೇಲೂರಿನ ಕೆಲವು ಮದನಿಕೆಗಳ ಅಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂಬ ಶಿಲ್ಪಿಗಳ ಹೆಸರುಗಳಿರುವುವು. ಆ ಭಾಗ್ಯವಿಲ್ಲದ ಹೊಯ್ಸಳ ಶಿಲ್ಪವೊಂದು ಪಾಳುಗುಡಿಯಿಂದ ಕಿತ್ತು ಸಾಗಿಸಲ್ಪಟ್ಟರೆ, ಅದರ ಗುಡಿ, ದೇವರು, ದಾನಿ ಎಲ್ಲವೂ ಒಮ್ಮೆಗೇ ಅಳಿಯುವುವು, ಉಳಿಯುವುದು ಅಂದವೊಂದೇ. ಈ ಅನರ್ಥವನ್ನು ತಡೆಯಲೆಂದೇ 1970ರಲ್ಲಿ ಯುನೆಸ್ಕೋ ಸಂಸ್ಥೆಯ ಒಡಂಬಡಿಕೆಯೂ, 1972ರಲ್ಲಿ ಭಾರತದ ಪುರಾತನ ವಸ್ತುಗಳ ಶಾಸನವೂ ಆದುವು. ಆದರೆ ಕಾನೂನು ಕಲ್ಲನ್ನು ಹಿಂದಕ್ಕೆ ತರಬಲ್ಲುದು. ಬರೆದಿಡದ ಊರಿನ ಹೆಸರನ್ನು ತರಲಾರದು.

ಹಲ್ಮಿಡಿಯ ಮೂಲಶಿಲೆಯು ಮೈಸೂರಿನ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಗ್ರಾಮದಲ್ಲಿ ಅದರ ಪ್ರತಿಕೃತಿ ನಿಂತಿದೆ. ಊರು ಕಲ್ಲನ್ನು ಬಿಟ್ಟುಕೊಟ್ಟಿತು. ಕಲ್ಲು ಊರಿನ ಹೆಸರನ್ನು ಬಿಡಲಿಲ್ಲ. ಸಂಗ್ರಹಾಲಯಗಳು ತಮ್ಮಲ್ಲಿಗೆ ಬರುವ ಪ್ರತಿಯೊಂದು ವಸ್ತುವಿಗೂ ಸಲ್ಲಿಸಬೇಕಾದ ಋಣವು ಇಷ್ಟೇ.